ಎದ್ದು ನಿಂತ ತಪ್ಪಿಗೆ ವಕೀಲರನ್ನಿಡಬೇಕೇ?

ಅಂಗವಿಕಲರ ಮಾಸಾಶನ ಮಂಜೂರು ಮಾಡುವ, ಹಾಗೆಯೇ ಮಾಡದಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಕಾರಣ, ತನಿಖೆಗೆ ಬಂದ ತಮ್ಮ ಸಿಬ್ಬಂದಿಗೆ ನಾನು ಕುರ್ಚಿ ಬಿಟ್ಟುಕೊಟ್ಟೆ. ಇದು ನನ್ನ ಕಲ್ಪನೆಯಲ್ಲ, ತಮ್ಮ ಕಚೇರಿಯಿಂದ ಬಂದ ಹಿಂಬರಹದಲ್ಲೇ ಹೀಗಿದೆ: "ಸ್ಥಳ ಪರಿಶೀಲನೆಯ ವೇಳೆ ಅರ್ಜಿದಾರರು ಯಾರ ನೆರವೂ ಇಲ್ಲದೆ ಕುರ್ಚಿಯಿಂದ ಎದ್ದು, ಸುಮಾರು ಇಪ್ಪತ್ತು ನಿಮಿಷ ನಿಂತು ಮಾತನಾಡಿ, ಗೇಟಿನವರೆಗೆ ಬಂದು ಬೀಳ್ಕೊಟ್ಟಿರುತ್ತಾರೆ. ಸದರಿಯವರು ದುಡಿಯಲು ಶಕ್ತರೆಂದು ಕಂಡುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಿದೆ." ಮೇಲ್ಮನವಿ ಸಲ್ಲಿಸಲು ಮೂವತ್ತು ದಿನ ಕೊಟ್ಟಿದ್ದೀರಿ. ಅದರಲ್ಲಿ ಹತ್ತೊಂಬತ್ತು ದಿನ ವಕೀಲರನ್ನು ಇಡಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ಹೋದವು. ಉಳಿದ ಹನ್ನೊಂದರಲ್ಲಿ ಒಂದು ದಿನವನ್ನು ಈ ಪತ್ರಕ್ಕೆ ಕೊಡುತ್ತಿದ್ದೇನೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿರುವುದರಿಂದ ತಮ್ಮ ಕಚೇರಿ ಯಾವ ಊರಿನಲ್ಲಿದೆ ಎಂದು ನಾನು ಬರೆಯುವುದಿಲ್ಲ. ಹೆಸರು ಬರೆಯದಿದ್ದರೆ ಎಲ್ಲ ಕಚೇರಿಯವರೂ ಇದು ನಮ್ಮನ್ನು ಕುರಿತೇ ಇರಬಹುದೆಂದು ಗಾಬರಿಯಾಗಿ ಒಂದೊಂದು ಕಡತ ತೆಗೆದು ನೋಡಿಯಾರು. ಅದರಿಂದ ನಾಲ್ಕು ಜನಕ್ಕೆ ಅನುಕೂಲವಾದರೆ ಆಗಲಿ.

ನಾನು ಯಾರು ಎಂದು ಹೇಳಬೇಕಲ್ಲ. ಸಿಂಗಟಗೆರೆಯಿಂದ ಹೊರಟು ಕಡೂರು, ಬೀರೂರು ದಾಟಿ ಅಜ್ಜಂಪುರಕ್ಕೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಇಪ್ಪತ್ತಮೂರು ವರ್ಷ ಕಂಡಕ್ಟರ್ ಆಗಿದ್ದವನು. ಮುದುಕರು, ಬಸುರಿಯರು, ಕೂಸು ಎತ್ತಿಕೊಂಡವರು ಹತ್ತಿದರೆ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದೆ. ಆ ಇಪ್ಪತ್ತಮೂರು ವರ್ಷದಲ್ಲಿ ನಾನು ಸೀಟಿನಲ್ಲಿ ಕೂತದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ. ಮೂರು ವರ್ಷದ ಹಿಂದೆ ಬೀರೂರಿನ ಹತ್ತಿರ ರಸ್ತೆಗೆ ಎಮ್ಮೆಯೊಂದು ನುಗ್ಗಿತು, ಡ್ರೈವರ್ ಬ್ರೇಕ್ ಹಾಕಿದ, ಬಾಗಿಲಲ್ಲಿ ನಿಂತಿದ್ದ ನಾನು ರಸ್ತೆಗೆ ಬಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ. ನನ್ನ ಸೊಂಟದ ಮೂಳೆ ಮುರಿಯಿತು, ಎಡಗಾಲಿನ ನರ ಕೈಕೊಟ್ಟಿತು. ಈಗ ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಬಲ್ಲೆ. ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಕಾಲು ಊದಿಕೊಳ್ಳುತ್ತದೆ, ಸೊಂಟದಲ್ಲಿ ಉರಿ ಏಳುತ್ತದೆ. ಸರ್ಕಾರಿ ಆಸ್ಪತ್ರೆಯ ಮೂವರು ಡಾಕ್ಟರುಗಳು ಎಕ್ಸ್‌ರೇ ನೋಡಿ, ಸುತ್ತಿಗೆಯಲ್ಲಿ ಮಂಡಿ ತಟ್ಟಿ, ಶೇಕಡ ಅರವತ್ತು ಅಂಗವೈಕಲ್ಯ ಎಂದು ಬರೆದು ಸಹಿ ಹಾಕಿದರು. ತಮ್ಮ ಸಿಬ್ಬಂದಿ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಅದನ್ನು ಸೊನ್ನೆಗೆ ಇಳಿಸಿದರು. ಇಷ್ಟು ಬೇಗ ಗುಣಪಡಿಸುವ ಶಕ್ತಿ ತಮ್ಮ ಇಲಾಖೆಗೆ ಇದೆ ಎಂದು ಮೊದಲೇ ಗೊತ್ತಿದ್ದರೆ ಆಸ್ಪತ್ರೆಗೆ ಯಾಕೆ ಹೋಗುತ್ತಿದ್ದೆ?

ಬಂದ ಹುಡುಗ ಕೆಟ್ಟವನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು, ನಮಸ್ಕಾರ ಮಾಡಿ ಒಳಗೆ ಬಂದರು. ನಮ್ಮ ಮನೆಯಲ್ಲಿರುವುದು ಎರಡು ಪ್ಲಾಸ್ಟಿಕ್ ಕುರ್ಚಿ. ಒಂದನ್ನು ಪಕ್ಕದ ಮನೆಯ ರಂಗಯ್ಯ ಮೊಮ್ಮಗನ ನಾಮಕರಣಕ್ಕೆ ಒಯ್ದಿದ್ದ. ಇನ್ನೊಂದರಲ್ಲಿ ನಾನಿದ್ದೆ. ಸರ್ಕಾರದ ಕಡೆಯವರು ಮನೆಗೆ ಬಂದು ನಿಂತಿದ್ದಾರೆ, ನಾನು ಕೂತೇ ಇರುವುದು ಹೇಗೆ? ಕಿಟಕಿಯ ಸರಳು ಹಿಡಿದು ಎದ್ದೆ.

"ಕುತ್ಕಳಿ ಸಾರ್" ಎಂದೆ.

"ಪರವಾಗಿಲ್ಲ, ನೀವು ಕೂತ್ಕೊಳಿ."

"ಅಯ್ಯೋ, ಅದೆಲ್ಲಾದ್ರೂ ಆಗುತ್ತಾ ಸಾರ್? ಮನೆಗ್ ಬಂದಿದೀರಿ."

ಅವರು ಕೂತರು. ನಾನು ಸರಳು ಬಿಡದೆ ನಿಂತೆ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಆರಾಮಾಗಿ ಕೂತಿದ್ದವರು ಇಬ್ಬರೇ, ತಮ್ಮ ಸಿಬ್ಬಂದಿ ಮತ್ತು ಗೋಡೆಯ ಪಟದಲ್ಲಿದ್ದ ಭಗವಾನ್ ಬುದ್ಧರು. ಬಸ್ಸಿನ ಕಾಲದ ನಾಲ್ಕು ಕಥೆ ಹೇಳಿದೆ, ಅವರು ನಕ್ಕರು. ಹೊರಟಾಗ ಬಾಗಿಲಿಂದಲೇ ಕಳಿಸಿದರೆ ಚೆನ್ನಾಗಿರುವುದಿಲ್ಲವೆಂದು ಗೋಡೆ, ಕಾಂಪೌಂಡು ಹಿಡಿದುಕೊಂಡು ಗೇಟಿನವರೆಗೂ ಹೋದೆ. ಆಮೇಲೆ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ನಾಲ್ಕು ದಿನ ತಮ್ಮ ವರದಿಯಲ್ಲಿ ಇಲ್ಲ. ನನ್ನ ಹೆಂಡತಿ ಈಶ್ವರಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತಾ, "ಹೋಗ್ಲಿ ಬಿಡಿ, ಸಾಹೇಬ್ರಿಗಾದ್ರೂ ಆರಾಮಾಯ್ತಲ್ಲ" ಎಂದಳು.

ಈ ಮಾಸಾಶನದಿಂದ ನಾನು ಬಂಗಲೆ ಕಟ್ಟುವುದಿಲ್ಲ ಮಾನ್ಯರೇ. ಈಶ್ವರಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ನನ್ನ ಗಡ್ಡದ ಬ್ಲೇಡಿನಿಂದ ಹಿಡಿದು ಕಾಲಿನ ಮಾತ್ರೆಯವರೆಗೆ ಮೂರು ವರ್ಷದಿಂದ ಎಲ್ಲವೂ ಅವಳ ದುಡಿಮೆಯಲ್ಲೇ ನಡೆಯುತ್ತಿದೆ. ನೋವಿನ ಮಾತ್ರೆಯನ್ನು ಎರಡು ಹೊತ್ತು ನುಂಗಬೇಕು. ನಾನು ಒಂದೇ ಹೊತ್ತು ನುಂಗಿ, ಹದಿನೈದು ದಿನದ ಮಾತ್ರೆ ತಿಂಗಳು ಬರುವಂತೆ ನೋಡಿಕೊಳ್ಳುತ್ತಿದ್ದೇನೆ. ಇದು ಅವಳಿಗೆ ಗೊತ್ತಿಲ್ಲ. ಈ ಪತ್ರ ಅಚ್ಚಾದರೆ ಗೊತ್ತಾಗುತ್ತದೆ, ಆಗ ನಾನು ಚೆನ್ನಾಗಿ ಬೈಸಿಕೊಳ್ಳುತ್ತೇನೆ. ನನಗೆ ಬೇಕಾದದ್ದು ಆ ಎರಡನೇ ಮಾತ್ರೆ, ಅಷ್ಟೆ. ಜೊತೆಗೆ ತಮ್ಮ ಕಡತದಲ್ಲಿ ನಾನು ಕಾಲು ಚೆನ್ನಾಗಿದ್ದೂ ಕುಂಟನ ವೇಷ ಹಾಕಿದವನೆಂದು ದಾಖಲಾಗಿದೆಯಲ್ಲ, ಅದು ಹೋಗಬೇಕು.

ಇನ್ನು ವಕೀಲರ ವಿಚಾರ. ಇದರಲ್ಲಿ ನಮ್ಮ ಮನೆ ಎರಡು ಪಕ್ಷವಾಯಿತು. ಬೇಡವೆಂಬ ಪಕ್ಷದ ನಾಯಕ ನಜೀರ್ ಅಹಮದ್. ಎಮ್ಮೆ ಅಡ್ಡ ಬಂದ ದಿನ ಬ್ರೇಕ್ ಹಾಕಿದ ಡ್ರೈವರ್ ಇವನೇ. ಈಗ ಕಡೂರಿನಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ಅಂದಿನಿಂದ ವಾರಕ್ಕೊಮ್ಮೆಯಾದರೂ ಬಂದು ನನ್ನನ್ನು ನೋಡದೆ ಇರಲಾರ.

"ಅರೆ ಕಂಡಕ್ಟ್ರೇ, ಟಿಕೆಟ್ ಇಲ್ದೋರ ಜೊತೆ ಇಪ್ಪತ್ಮೂರು ವರ್ಷ ವಾದ ಮಾಡಿ ಗೆದ್ದೋನು ನೀನು. ನಿಂಗ್ಯಾಕೋ ವಕೀಲ್ರು?" ಎಂದ.

ಬೇಕೆಂಬ ಪಕ್ಷದ ಈಶ್ವರಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ಬಸ್ಸಲ್ಲಿ ಜನ ಇವ್ರ ಮಾತು ಕೇಳ್ತಿದ್ರು ಕಣಣ್ಣ. ಆಪೀಸಲ್ಲಿ ಯಾರು ಕೇಳ್ತಾರೆ? ಕರಿ ಕೋಟು ಕಂಡ್ರೆ ಅವರೇ ಎದ್ದು ನಿಲ್ತಾರೆ. ಇವ್ರು ಎದ್ದು ನಿಂತಿದ್ದು ಸಾಕು."

ನಾನು ಎರಡೂ ಕಡೆ ಯೋಚಿಸಿದೆ. ವಕೀಲರನ್ನು ಇಟ್ಟೆ ಎನ್ನಿ. "ಅರ್ಜಿದಾರರು ವಕೀಲರನ್ನು ನೇಮಿಸಿಕೊಳ್ಳುವಷ್ಟು ಶಕ್ತರೆಂದು ಕಂಡುಬಂದಿರುತ್ತದೆ" ಎಂದು ತಾವು ಇನ್ನೊಂದು ಹಿಂಬರಹ ಕೊಡುವುದಿಲ್ಲ ಎನ್ನಲು ಏನು ಖಾತ್ರಿ? ಇಡದೆ ನಾನೇ ಬಂದೆ ಎನ್ನಿ. ತಮ್ಮ ಕಿಟಕಿಯ ಮುಂದೆ ಸರತಿ ಸಾಲಿದೆ, ಬೆಂಚಿಲ್ಲ. ಅಲ್ಲಿ ನಿಂತರೆ "ಅರ್ಜಿದಾರರು ಸಾಲಿನಲ್ಲಿ ಒಂದು ಗಂಟೆ ನಿಂತಿದ್ದರು" ಎಂದು ಬರೆಯುತ್ತೀರಿ. ನಿಲ್ಲಲಾರದೆ ವಾಪಸು ಬಂದರೆ "ಹಾಜರಾಗಿರುವುದಿಲ್ಲ" ಎಂದು ಬರೆಯುತ್ತೀರಿ. ನಿಲ್ಲಲಾಗದವನು ತನಗೆ ನಿಲ್ಲಲಾಗುವುದಿಲ್ಲ ಎಂದು ತಿಳಿಸಲು ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ತಮ್ಮಲ್ಲಿ ಸುತ್ತೋಲೆ ಇದ್ದರೆ ಒಂದು ಪ್ರತಿ ಕಳಿಸಿಕೊಡಿ.

ಕೊನೆಗೆ ಕೇಳಿಯೇ ಬಿಡೋಣ ಎಂದು ನಜೀರ್ ತನ್ನ ಆಟೋದಲ್ಲಿ ಎರಡು ದಿಂಬು ಹಾಕಿ ನನ್ನನ್ನು ತರೀಕೆರೆಗೆ ಕರೆದೊಯ್ದ. ಅಲ್ಲಿ ಯೋಗಾನಂದ ಎಂಬ ವಕೀಲರಿದ್ದಾರೆ. ಓದುವ ಕಾಲದಲ್ಲಿ ಅಜ್ಜಂಪುರದಿಂದ ನಮ್ಮ ಬಸ್ಸಿನಲ್ಲೇ ಓಡಾಡಿದವರು. ಅವರ ಕಚೇರಿ ಮೊದಲನೇ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು, ಕೆಳಗೆ ಕೂತೇ ಎಣಿಸಿದೆ. ನಜೀರ್ ಹೋಗಿ ಹೇಳಿದ್ದಕ್ಕೆ ಅವರೇ ಇಳಿದು ಬಂದರು. ಬೀದಿಯ ಟೀ ಅಂಗಡಿಯ ಬೆಂಚಿನ ಮೇಲೆ ನಾನಿದ್ದೆ. ಅವರನ್ನು ಕಂಡ ಕೂಡಲೇ ಬೆಂಚಿನ ಅಂಚು ಹಿಡಿದು ಎದ್ದು ನಿಂತೆ.

ಅವರು ಬಿದ್ದು ಬಿದ್ದು ನಕ್ಕರು. "ಕುತ್ಕಳಿ ಜವರಯ್ಯನೋರೆ. ನಿಮ್ ಕೇಸಲ್ಲಿ ಎದುರು ಪಾರ್ಟಿ ಯಾರು ಅಂತ ಈಗ ಗೊತ್ತಾಯ್ತು. ನೀವೇ!"

ಕಾಗದಗಳನ್ನೆಲ್ಲ ಓದಿ ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ಡಾಕ್ಟ್ರ ಸರ್ಟಿಫಿಕೇಟಿದೆ, ಆಸ್ಪತ್ರೆ ಚೀಟಿ ಇದೆ. ಇದ್ರಲ್ಲಿ ನಾನು ವಾದ ಮಾಡಕ್ಕೆ ಏನಿದೆ? ಮೊದ್ಲು ಒಂದು ಪುಟ ನೀವೇ ಬರ್ದು ಕೊಡಿ. ಒಪ್ಪಲಿಲ್ಲ ಅಂದ್ರೆ ನಾನಿದೀನಿ. ಫೀಸಿನ ಯೋಚ್ನೆ ಬೇಡ. ಅಂಗವಿಕಲರಿಗೆ ಸರ್ಕಾರದ ಖರ್ಚಲ್ಲೇ ವಕೀಲ್ರನ್ನ ಕೊಡ್ತಾರೆ, ಆ ಪಟ್ಟೀಲಿ ನನ್ ಹೆಸ್ರೂ ಇದೆ. ಆದ್ರೆ ಒಂದ್ ಮಾತು. ಮತ್ತೆ ತನಿಖೆಗೆ ಬಂದಾಗ ಮತ್ತೆ ನೀವು ಎದ್ ನಿಂತ್ರೆ ಯಾವ ವಕೀಲ ಬಂದ್ರೂ ಏನೂ ಮಾಡಕ್ಕಾಗಲ್ಲ."

ದಾರಿಯುದ್ದಕ್ಕೂ ನನಗೆ ನಗು. ಮಾಸಾಶನ ಕೊಡದಿರಲು ಒಂದು ಕಚೇರಿ, ಅದನ್ನು ಕೊಡಿಸಲು ಹೋರಾಡುವ ವಕೀಲರಿಗೆ ಇನ್ನೊಂದು ಕಚೇರಿ, ಎರಡನ್ನೂ ಸಾಕುವುದು ಒಂದೇ ಸರ್ಕಾರ. ಇಷ್ಟೆಲ್ಲ ಖರ್ಚಿನ ಬದಲು ತಾವು ಆ ಡಾಕ್ಟರ ಸರ್ಟಿಫಿಕೇಟನ್ನು ಒಂದು ಸಲ ಓದಬಾರದಿತ್ತೇ?

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಅಭ್ಯಾಸ ಶುರುವಾಯಿತು. ನಜೀರ್ ಅಧಿಕಾರಿ. ಕಂಕುಳಲ್ಲಿ ಹಳೆಯ ಕ್ಯಾಲೆಂಡರನ್ನು ಕಡತದಂತೆ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಒಳಗೆ ಬರಬೇಕು. ನಾನು ಏಳಬಾರದು. ಮೊದಲ ದಿನ ಅವನು ಹೊಸ್ತಿಲು ದಾಟುವ ಮೊದಲೇ ಎದ್ದುಬಿಟ್ಟೆ. "ಲೇ, ನಾನು ಕಣೋ, ನಜೀರ! ನಂಗ್ಯಾಕೋ ಎದ್ದೆ?" ಎಂದು ಬೈದ. ಎರಡನೆಯ ದಿನ ಈಶ್ವರಮ್ಮ ಹಿಂದೆ ನಿಂತು ಎರಡೂ ಭುಜ ಒತ್ತಿ ಹಿಡಿದಳು, ಆದರೂ ಅರ್ಧ ಎದ್ದೆ. ಮೂರನೆಯ ದಿನಕ್ಕೆ ಕುರ್ಚಿ ವಾಪಸು ತಂದ ರಂಗಯ್ಯನೂ ನೋಡಲು ಕೂತ. ನಾನು ಏಳುತ್ತೇನೋ ಇಲ್ಲವೋ ಎಂದು ಅವನೂ ನಜೀರನೂ ಒಂದು ಟೀ ಬಾಜಿ ಕಟ್ಟಿದರು. ಏಳುತ್ತಾನೆ ಎಂದಿದ್ದ ರಂಗಯ್ಯ ಗೆದ್ದ.

ನಾಲ್ಕನೆಯ ದಿನ ನಜೀರ್ ಬಂದ. ನಾನು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದೆ. ಕೂತಲ್ಲಿಂದಲೇ "ನಮಸ್ಕಾರ ಸಾರ್" ಎಂದೆ. ರಂಗಯ್ಯ ಚಪ್ಪಾಳೆ ತಟ್ಟಿದ, ಈಶ್ವರಮ್ಮ ನಕ್ಕಳು. ನನಗೆ ಮಾತ್ರ ಅಳು ಬಂತು. ಯಾಕೆಂದು ಅವರು ಕೇಳಲಿಲ್ಲ, ತಮಗೆ ಹೇಳುತ್ತೇನೆ. ಮೂರು ವರ್ಷದಿಂದ ಯಾರಾದರೂ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದುದು ಬರೀ ಮರ್ಯಾದೆಗಲ್ಲ. ಎದ್ದು ನಿಲ್ಲುತ್ತಿರುವಷ್ಟು ದಿನ ನಾನು ಮತ್ತೆ ಬಸ್ಸು ಹತ್ತುತ್ತೇನೆಂದು ನಂಬಿಕೊಂಡಿದ್ದೆ. ಅಂದು ಕೂತೇ ಇದ್ದಾಗ ಇನ್ನು ಹತ್ತುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಯಿತು. ನಜೀರ್ ಕ್ಯಾಲೆಂಡರ್ ಕೆಳಗಿಟ್ಟು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ.

ಆಮೇಲೆ ಎಲ್ಲರೂ ಟೀ ಕುಡಿದೆವು. ವಕೀಲರ ವಿಚಾರವೂ ಅಲ್ಲೇ ತೀರ್ಮಾನವಾಯಿತು. ಈ ಪತ್ರದ ಜೊತೆಗೆ ಯೋಗಾನಂದರು ಹೇಳಿದ ಒಂದು ಪುಟದ ಮೇಲ್ಮನವಿಯನ್ನು ನಾನೇ ಬರೆದು, ಡಾಕ್ಟರ ಸರ್ಟಿಫಿಕೇಟಿನ ಪ್ರತಿ ಸೇರಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ವಕಾಲತ್ತಿಗೂ ಸಹಿ ಹಾಕಿ ಈಶ್ವರಮ್ಮನ ಕೈಗೆ ಕೊಟ್ಟಿದ್ದೇನೆ, ತಾರೀಕು ಮಾತ್ರ ಬರೆದಿಲ್ಲ. ಹತ್ತು ದಿನದೊಳಗೆ ತಮ್ಮಿಂದ ಉತ್ತರ ಬರದಿದ್ದರೆ ಅವಳು ತಾರೀಕು ಬರೆಯುತ್ತಾಳೆ. ಯೋಗಾನಂದರು ಒಳ್ಳೆಯ ಮಾತುಗಾರರು. ಹದಿನೆಂಟು ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವವರು, ತಮ್ಮ ಕಚೇರಿಗೆ ಎಷ್ಟು ಸಲ ಬೇಕಾದರೂ ಬರುತ್ತಾರೆ.

ಆದರೆ ಅಷ್ಟು ದೂರ ಯಾಕೆ ಹೋಗಬೇಕು? ನನ್ನ ಬೇಡಿಕೆ ಇಷ್ಟೆ. ಆ ಹಿಂಬರಹವನ್ನು ವಾಪಸು ಪಡೆಯಿರಿ, ಮೂವರು ಡಾಕ್ಟರುಗಳು ಬರೆದದ್ದನ್ನು ಓದಿ ಮಾಸಾಶನ ಮಂಜೂರು ಮಾಡಿ. ಓದಿದ ಮೇಲೂ ಅನುಮಾನವಿದ್ದರೆ ಮತ್ತೊಮ್ಮೆ ತನಿಖೆ ಮಾಡಿ. ಈ ಸಲ ಖುದ್ದು ತಾವೇ ಬಂದರೆ ಬಹಳ ಸಂತೋಷ. ಈಶ್ವರಮ್ಮ ಒಳ್ಳೆಯ ಕಾಫಿ ಮಾಡುತ್ತಾಳೆ. ತಾವು ಒಳಗೆ ಬಂದಾಗ ನಾನು ಕೂತಲ್ಲೇ ಕೈ ಮುಗಿಯುತ್ತೇನೆ. ಅದು ನನಗೆ ಎಷ್ಟು ಕಷ್ಟ ಎಂದು ಬರೆಯಲು ತಮ್ಮ ಫಾರಂನಲ್ಲಿ ಜಾಗವಿಲ್ಲ. ಆದ್ದರಿಂದ ಕಂಡದ್ದನ್ನಷ್ಟೇ ಬರೆದುಕೊಳ್ಳಿ: ಅರ್ಜಿದಾರರು ಏಳಲಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಗಟ್ಟಿಮುಟ್ಟಾಗಿರುವ
ಜವರಯ್ಯ, ಮಾಜಿ ಕಂಡಕ್ಟರ್