ಇಂಚರಳ ಬೆಳಗಿನ ಪಾಠ

ಹೊಳೆನರಸೀಪುರ
ಜೂನ್ ೨೦೦೪

ಪೂಜ್ಯ ಸಂಗೀತದ ಮೇಷ್ಟ್ರಿಗೆ ನಮಸ್ಕಾರಗಳು.

ಎದುರಿಗೆ ಬಂದು ಹೇಳಲು ಮುಖವಿಲ್ಲದೆ ಬರೆಯುತ್ತಿದ್ದೇನೆ. ಮಗಳು ಇಂಚರಳ ಪಾಠವನ್ನು ದಯವಿಟ್ಟು ಸಂಜೆಗೆ ಬದಲಾಯಿಸಿ.

ಅವಳ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ನಮ್ಮ ರುದ್ರಪಟ್ಟಣದ ಹಿರಿಯ ಸಂಗೀತಗಾರರಂತೆ ನಸುಕಿನಲ್ಲೇ ಹಾಡಿನ ಅಭ್ಯಾಸ ಮಾಡಿಸಿ ಎಂದು ನಿಮ್ಮನ್ನು ಕಾಡಿದವನು ನಾನೇ. ಏಳದಿದ್ದರೆ ಮುಖಕ್ಕೆ ತಣ್ಣೀರು ಚಿಮುಕಿಸುತ್ತಿದ್ದೆ. ಹಾಸನದ ಡಾಕ್ಟರು, “ಇಂಥ ಮಕ್ಕಳಿಗೆ ನಿದ್ದೆ ಬರೋದೇ ಕಷ್ಟ. ಬಂದಿದ್ದನ್ನೂ ಕೆಡಿಸಿದ್ರೆ ಗಮನ ಇನ್ನೂ ಚದುರುತ್ತೆ” ಎಂದರು.

ಇವತ್ತು ಎಬ್ಬಿಸಲಿಲ್ಲ. ಬಿಸಿಲು ಬಿದ್ದ ಮೇಲೆ ಎದ್ದವಳು ಗಾಬರಿಯಿಂದ, “ಪಾಠ ಬಿಡಿಸ್ಬಿಟ್ಯಾ ಅಪ್ಪಾ? ಇನ್ಮೇಲೆ ಅಲ್ಲಾಡದೆ ಕೂತ್ಕೋತೀನಿ” ಎಂದಳು.

ಸಂಜೆ ಅವಳು ಎಷ್ಟು ಅಲ್ಲಾಡಿದರೂ ಬಯ್ಯಬೇಡಿ. ಬಯ್ಯುವುದಿದ್ದರೆ ನನಗೆ ಬಯ್ಯಿರಿ.

ಇತಿ ನಿಮ್ಮ ವಿಧೇಯ,
ಸಂಪತ್ಕುಮಾರ