ರೊಟ್ಟಿ ಉಬ್ಬುವಷ್ಟರಲ್ಲಿ ಬಂದ ಹಾಡು

ಮಲಪ್ರಭೆಯ ಮೇಲ್ದಂಡೆ,
ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ನಮಗಿಂತ ಮುಂಚೆ ಬಾಳಿ ಹೋದವರಿಗೆ ಬಾಳವ್ವನ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಉಳಿದದ್ದಕ್ಕೆಲ್ಲ ನೀವು ಕೇಳಬೇಕಾಗಿತ್ತು, ಆದರೆ ಈಗ ನೀವು ಯಾರೂ ಉಳಿದಿಲ್ಲ.

ನೀವು ಚಿಟಿಕೆ ಹೊಡೆಯುವಷ್ಟರಲ್ಲಿ ಯಂತ್ರಗಳಿಂದ ಹಾಡು ಮಾಡಿಸುತ್ತಿದ್ದಿರಂತೆ. ಹಲ್ಲುಜ್ಜುವಾಗ ಒಂದು, ಚಹಾ ಕುಡಿಯುವಾಗ ಇನ್ನೊಂದು. ಕೇಳುವವರಿಗಿಂತ ಹಾಡುಗಳೇ ಹೆಚ್ಚಾಗಿ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಹಾಡೆಂದರೆ ವಾಕರಿಕೆ ಬಂತು. ಅವರು ರೋಸಿಹೋಗಿ ಒಂದು ಕಾನೂನು ಮಾಡಿದರು: ಬೆವರು ಸುರಿಸದ ಹಾಡು ಹಾಡೇ ಅಲ್ಲ. ಅಂದಿನಿಂದ ನಮ್ಮಲ್ಲಿ ಹೊಸ ಹಾಡು ಕಟ್ಟಿದವರು ಮಾಗುಮನೆಗೆ ಹೋಗಬೇಕು. ಹುಲ್ಲಿನಲ್ಲಿ ಮಾವಿನಕಾಯಿ ಇಟ್ಟ ಹಾಗೆ ಹಾಡನ್ನೂ ಹಾಡುವವರನ್ನೂ ವರ್ಷಗಟ್ಟಲೆ ಕೂಡಿಹಾಕುವ ಜಾಗ ಅದು. ಒಳಗೆ ಹೋದವರ ಕೈಗೆ ಬೆವರುಬಳೆ ತೊಡಿಸುತ್ತಾರೆ. ಮೈ ಎಷ್ಟು ದಣಿಯಿತೆಂದು ಅದು ಅಳೆಯುತ್ತದೆ, ಯಾತಕ್ಕಾಗಿ ದಣಿಯಿತೆಂದು ಮಾತ್ರ ಅದಕ್ಕೆ ತಿಳಿಯದು. ಹೀಗಾಗಿ ಜಾಣರು ಒಳಗೆ ಬೀಸುವ ಕಲ್ಲು ತಿರುಗಿಸುತ್ತಾರೆ. ಪ್ರತಿ ಅಮಾವಾಸ್ಯೆಗೆ ಹಾಡಿನಲ್ಲಿ ಏನು ತಿದ್ದಿದಿರೆಂದು ತೋರಿಸಬೇಕು. ತಿದ್ದುವ ಮುಂಚಿನ ಧಾಟಿಯನ್ನು ಮತ್ತೆ ಬಾಯಲ್ಲಿ ತರುವಂತಿಲ್ಲ. ಕೊನೆಗೆ ಮುದ್ರೆ ಬೀಳುತ್ತದೆ. ಮುದ್ರೆ ಇಲ್ಲದ್ದನ್ನು ಸ್ವಂತ ಅಡುಗೆಮನೆಯಲ್ಲಿ ಗುನುಗಬಹುದು, ನಾಲ್ಕು ಜನರ ಎದುರು ಹಾಡುವ ಹಾಗಿಲ್ಲ.

ಸಭೆಯಲ್ಲಿ ಮೊದಲು ಈ ಹಾಡಿಗೆ ಎಷ್ಟು ವರ್ಷ ಹಿಡಿಯಿತೆಂದು ಸಾರುತ್ತಾರೆ. ಚಪ್ಪಾಳೆ ಬೀಳುವುದೂ ಆಗಲೇ. ಆಮೇಲೆ ಕೆಲವರು ಗೋಡೆಗೆ ಒರಗಿ ನಿದ್ದೆ ಮಾಡುತ್ತಾರೆ. ನನ್ನ ಮೈದುನ ಅರ್ಧ ಆಯುಷ್ಯವನ್ನು ಒಂದೇ ಹಾಡಿಗೆ ಸವೆಸಿದ. ಅದನ್ನು ಆಕಳಿಸದೆ ಕೇಳಿ ಮುಗಿಸುವವರಿಗೂ ಒಂದು ಬಳೆ ತೊಡಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ನನ್ನ ತಂಗಿ ಕಲ್ಲವ್ವ ಒಂದು ಸಂಜೆ ಹಂಚಿನ ಮೇಲೆ ರೊಟ್ಟಿ ಹಾಕಿ, ಅದು ಉಬ್ಬುವಷ್ಟರಲ್ಲಿ ಒಂದು ಹಾಡು ಹಾಡಿದಳು. ಕೆಳಗಿನ ಸ್ವರದಲ್ಲಿ ಶುರುವಾಗಿ, ಏನೋ ಮರೆತವರ ಹಾಗೆ ನಡುವೆ ನಿಂತು, ನೆನಪಾಯಿತೆಂದು ಮೇಲಕ್ಕೆ ಓಡುವ ಹಾಡು. ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಮೂಲೆಯಲ್ಲಿ ಅವ್ವ ಮಲಗಿದ್ದಳು. ಆಗಲೇ ಅವಳಿಗೆ ಮರೆವಿನ ಕಾಯಿಲೆ, ನಮ್ಮ ಮುಖವೂ ಗುರುತು ಹತ್ತುತ್ತಿರಲಿಲ್ಲ. ಅವಳು ತಲೆ ಎತ್ತಿ, "ಕಲ್ಲವ್ವಾ, ರೊಟ್ಟಿ ಹೊತ್ತತೈತಿ ನೋಡ" ಅಂದಳು. ಆ ಹೆಸರು ಅವಳ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತು! ಹಾಡು ಕೇಳಿದಾಗಲೆಲ್ಲ ಅವ್ವ ನಮ್ಮ ಕಡೆಗೆ ವಾಪಸ್ಸು ಬರುತ್ತಿದ್ದಳು.

ಕಾಯಿಲೆ ಬಲಿತ ಮೇಲೆ ಅವ್ವನನ್ನು ಊರಿನ ಆರೈಕೆಮನೆಗೆ ಸೇರಿಸಲೇಬೇಕಾಯಿತು. ಅಲ್ಲಿ ಒಂದೇ ಪಡಸಾಲೆಯಲ್ಲಿ ಹತ್ತಾರು ಮಂಚ. ಅಂದರೆ ಅದೂ ಸಭೆಯೇ, ಮುದ್ರೆ ಬೇಕು. ಅಪ್ಪಣೆ ಕೇಳಲು ಹೋದಾಗ ಮಾಗುಮನೆಯ ಮೇಲ್ವಿಚಾರಕ ನಕ್ಕ. "ರೊಟ್ಟಿ ಉಬ್ಬೂದ್ರಾಗ ಆಗಿದ್ದಕ್ಕ ಹಾಡು ಅಂತೀರೇನವಾ?" ಅಂದ. ರೊಟ್ಟಿ ಉಬ್ಬುವಷ್ಟರಲ್ಲಿ ಆಗಿದ್ದು ನಿಜ. ಆದರೆ ಹಾಲುಹಲ್ಲು ಬೀಳುವ ಮುಂಚಿನಿಂದ ಕಲ್ಲವ್ವ ದಿನಾ ಬೆಳಿಗ್ಗೆ ಕೂತು, ದನಿ ಗಟ್ಟಿಯಾಗಲೆಂದು ಕೆಳಗಿನ ಒಂದೊಂದೇ ಸ್ವರ ಹಿಡಿದು ಸಾಧಕ ಮಾಡುತ್ತಿದ್ದಳು. ಆ ಬೆವರೆಲ್ಲ ಅವಳ ಗಂಟಲಿಗೆ ಇಳಿದಿತ್ತು. ಆಗ ಕೈಯಲ್ಲಿ ಬಳೆ ಇರಲಿಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ. ಅವನ ಮುಖಕ್ಕೆ ಉಗಿಯಬೇಕೆನಿಸಿತು.

"ಅಕ್ಕಾ, ಅವ್ವ ನನ್ನ ಹೆಸರು ಹಿಡಿದು ಕರಿಯೂದಾದ್ರ ನಾ ಮಾಗುಮನಿಗೆ ಹೋಗಾಕಿನ" ಎಂದು ಕಲ್ಲವ್ವ ಹೊರಟುಹೋದಳು.

ಅವಳು ಹೊರಗೆ ಬರುವಷ್ಟರಲ್ಲಿ ಕೂದಲು ನೆರೆತಿತ್ತು. ಹಾಡಿಗೆ ಮುದ್ರೆ ಬಿದ್ದಿತ್ತು, ಅದೂ ಮೊದಲ ದರ್ಜೆಯದು. ಆರೈಕೆಮನೆಯ ಪಡಸಾಲೆಯಲ್ಲಿ ವರ್ಷಗಳನ್ನು ಸಾರಿದರು, ಚಪ್ಪಾಳೆ ಬಿತ್ತು, ಅವಳು ಹಾಡಿದಳು. ಒಂದು ಸ್ವರವೂ ತಪ್ಪಲಿಲ್ಲ. ನಡುವೆ ನಿಲ್ಲುತ್ತಿದ್ದ ಜಾಗವನ್ನು ಯಾವುದೋ ಅಮಾವಾಸ್ಯೆಗೆ ತುಂಬಿಸಿಬಿಟ್ಟಿದ್ದಳು. ಮೇಲಕ್ಕೆ ಓಡುವಲ್ಲಿ ಈಗ ಹುಷಾರಾಗಿ ಮೆಟ್ಟಿಲು ಹತ್ತುತ್ತಿದ್ದಳು. ಅವ್ವ ಕೊನೆಯ ತನಕ ಕೇಳಿ ಕೈಮುಗಿದಳು.

"ಯಾರವ್ವಾ ನೀ? ಪಾಪ, ಭಾಳ ಕಷ್ಟಪಟ್ಟು ಹಾಡಿದಿ. ಕುಂತು ನೀರು ಕುಡಿ" ಅಂದಳು.

ಮನೆಗೆ ಬಂದು ನಾನು ಒಲೆ ಹಚ್ಚಿದೆ. ಹಳೆಯದನ್ನೇ ಹಾಡು, ಯಾರು ಏನು ಮಾಡುತ್ತಾರೋ ನೋಡೋಣ ಎಂದೆ. ಅವಳು ಬಾಯಿ ತೆರೆದಳು. ತಿದ್ದಿದ್ದೇ ಬಂತು. ಮತ್ತೆ ಶುರುಮಾಡಿದಳು, ಮತ್ತೆ ಅದೇ. ರೊಟ್ಟಿಯ ಮೇಲೆ ರೊಟ್ಟಿ ಉಬ್ಬಿತು, ಹಾಡು ಬರಲಿಲ್ಲ. ನನಗೆ ಅದು ಕಿವಿಯಲ್ಲಿ ಇದೆ, ಗಂಟಲಿಗೆ ಬರುವುದಿಲ್ಲ. ಹಿಂದಿನ ಕಾಲಕ್ಕೆ ಕಾಗದ ಕಳಿಸುವುದನ್ನು ಕಲಿತಿದ್ದೇವೆ, ಅದರಲ್ಲಿ ದನಿ ಕಳಿಸುವ ವಿದ್ಯೆ ನಮಗಿನ್ನೂ ಬಂದಿಲ್ಲ.

ಚಿಟಿಕೆಯಲ್ಲಿ ಮಾಡಿಸಿ ಮಾಡಿಸಿ ಹಾಡಿನ ಮಾನ ಕಳೆದವರು ನೀವು. ಆ ಸಿಟ್ಟಿಗೆ ನಾವು ಗಡಿಯಾರವನ್ನೇ ಸಂಗೀತ ಎಂದುಕೊಂಡೆವು. ನಿಮ್ಮನ್ನೂ ನಮ್ಮವರನ್ನೂ ಒಟ್ಟಿಗೆ ಶಪಿಸುತ್ತೇನೆ. ಆದರೂ ನಿಮ್ಮಲ್ಲಿ ಒಂದು ಕೋರಿಕೆ. ದಿನಾ ಸಾಧಕ ಮಾಡುವ ಯಾರಿಗಾದರೂ, ಕೈಕೆಲಸದ ನಡುವೆ, ಕೆಳಗೆ ಶುರುವಾಗಿ ನಡುವೆ ನಿಂತು ಮೇಲಕ್ಕೆ ಓಡುವ ಅಂಥದೊಂದು ಧಾಟಿ ಬಂದರೆ, ಎಷ್ಟು ಹೊತ್ತಿನಲ್ಲಿ ಬಂತೆಂದು ಯಾರ ಮುಂದೆಯೂ ಹೇಳಬೇಡಿ. ಹಾಗೇ ಹಾಡಿಬಿಡಿ, ಮಕ್ಕಳಿಗೂ ಕಲಿಸಿ. ಬಾಯಿಂದ ಬಾಯಿಗೆ ಬಂದರೆ ಎಂದಾದರೂ ನಮ್ಮ ದಂಡೆಗೂ ಮುಟ್ಟೀತು.

ಅವ್ವನಿಗೆ ಅದು ಇನ್ನು ಬೇಡ. ಹೋದ ತಿಂಗಳು ಅವಳು ತೀರಿಕೊಂಡಳು. ಕೊನೆಯ ದಿನ ಕಲ್ಲವ್ವ ತಲೆದಿಂಬಿನ ಹತ್ತಿರವೇ ಕೂತಿದ್ದಳು. ಅವ್ವ ನನ್ನ ಕಡೆ ತಿರುಗಿ, "ಹಾಡಾಕ ಬಂದ ಹೆಣ್ಣಮಗಳಿಗೆ ಊಟಕ್ಕ ಹಾಕಿ ಕಳಸ" ಅಂದಳು.