ಎದುರಿಗೇ ಕೂತಿದ್ದವರ ಹೆಸರು

ರುದ್ರಣ್ಣಾ,

ನಿಮ್ಮ ಪ್ರೆಸ್ಸಿನ ಬಾಗಿಲಲ್ಲಿ ಜಗಳ ಆಡಿ ಹೋದವಳು, ಆಮೇಲೆ ನಿಮ್ಮ ಮುಖವನ್ನೇ ನೋಡದೆ ಉಳಿದವಳು, ಈಗ ಕಾಗದ ಬರೆಯುತ್ತಿದ್ದೇನೆ. ನನ್ನ ಮೂಗಿನ ತುದಿಯ ಕೋಪ ನಿಮಗೆ ಗೊತ್ತಿದ್ದದ್ದೇ. ಕೊನೆಯ ತನಕ ಓದಿ.

ಗೌರಿಯ ಲಗ್ನಪತ್ರಿಕೆ ಜೋಡಿಸಿದ ಆ ಸಂಜೆ ನೆನಪಿದೆಯಾ? ತೊಂಬತ್ತಾರನೇ ಇಸವಿ. ಹೊಳೆನರಸೀಪುರದ ಅರ್ಧ ಊರಿನ ಮದುವೆ ಕಾರ್ಡು ಅಚ್ಚು ಹಾಕಿದ ನೀವು, ಸ್ವಂತ ಮಗಳ ಹೆಸರಿನ ಅಚ್ಚಿನ ಮೊಳೆಗಳನ್ನು ಎರಡು ಸಲ ಕೈತಪ್ಪಿ ಬೀಳಿಸಿದಿರಿ. ಚನ್ನರಾಯಪಟ್ಟಣದಿಂದ ನಿಮ್ಮ ಅಣ್ಣ ಶಿವನಂಜಪ್ಪನವರು ಖಾರಾಮಂಡಕ್ಕಿ ಹಿಡಿದು ಬಂದಿದ್ದರು. "ಲೇ ರುದ್ರ, ನಿಂಗೇ ಬಾಸಿಂಗ ಕಟ್ಟವ್ರೇನೋ ಅನ್ನಂಗೆ ನಡುಗ್ತೀಯಲ್ಲಲಾ!" ಅಂದದ್ದಕ್ಕೆ ಗೌರಿ ನೆತ್ತಿಗೇರಿ ಕೆಮ್ಮುವ ತನಕ ನಕ್ಕಳು. ಪ್ರೂಫ್ ಓದಿದವಳು ನಾನು, ಹೈಸ್ಕೂಲಿನ ಕನ್ನಡ ಟೀಚರು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಆದರೆ 'ಸುಖಾಗಮನ ಬಯಸುವವರು' ಎಂಬುದರ ಕೆಳಗೆ ಮನೆಗೆ ಹಿರಿಯರಾದ ನಿಮ್ಮ ಅಣ್ಣನ ಹೆಸರೇ ಇರಲಿಲ್ಲ. ಎದುರಿಗೇ ಕೂತು ಮಂಡಕ್ಕಿ ಮುಕ್ಕುತ್ತಿದ್ದವರನ್ನು ಕಾಗದದಲ್ಲಿ ಯಾರು ಹುಡುಕುತ್ತಾರೆ?

ಕಾರ್ಡು ಹಂಚಿದ ಮೇಲೆ ಅವರನ್ನು ಯಾರೋ ಕೇಳಿದರಂತೆ, "ನಿಮ್ ಹೆಸ್ರೇ ಇಲ್ವಲ್ಲ ಸಾ?" ಅವರು ಮದುವೆಗೆ ಬರಲಿಲ್ಲ. ನೀವು ಎಷ್ಟು ಸಲ ಹೋಗಿ ಅವರ ಜಗಲಿಯ ಮೇಲೆ ಕೂತು ಹಾಗೇ ಎದ್ದು ಬಂದಿರೋ... ಪ್ರೂಫ್ ಓದಿದ್ದು ಟೀಚರಮ್ಮ ಅಂತ ಒಂದು ಸಲವಾದರೂ ಬಾಯಿಬಿಟ್ಟಿರಾ? ಇಲ್ಲ. ನಾನೂ ಬಿಡಲಿಲ್ಲ.

ಮೂರು ವರ್ಷದ ಮೇಲೆ ನಾನು ಅದನ್ನೇ ಕತೆ ಮಾಡಿ ತಂದಾಗ ನೀವು ಮೆಷಿನ್ ನಿಲ್ಲಿಸಿ ಓದಿದಿರಿ. ಕತೆಯಲ್ಲಿ ತಮ್ಮ, ಹೊಲದ ಬದುವಿನ ಹಗೆಗೆ, ಬೇಕೆಂದೇ ಅಣ್ಣನ ಹೆಸರು ಬಿಡುತ್ತಾನೆ. ಪ್ರೂಫ್ ಓದುವ ಟೀಚರು ಕತೆಯಲ್ಲಿ ಇಲ್ಲವೇ ಇಲ್ಲ, ನೋಡಿ ನನ್ನ ಜಾಣತನ! ನೀವು ಕನ್ನಡಕ ತೆಗೆದಿರಿ. "ಜಗಳ ಚೆನ್ನಾಗ್ ಬಂದದೆ ಕಣವ್ವ. ಅವತ್ತು ಅಷ್ಟೊಂದ್ ನಕ್ಕಿದ್ವಲ್ಲ, ಅದೆಲ್ಲೋಯ್ತು?"

"ನಗೋದ್ರಲ್ಲಿ ಕತೆ ಏನಿದೆ ರುದ್ರಣ್ಣ? ಸಂಘರ್ಷ ಬೇಕು, ಸಂಘರ್ಷ!"

"ಆ ಖುಸಿಲೇ ಅಲ್ವೇನವ್ವ ಹೆಸ್ರು ಬಿಟ್ಟೋಗಿದ್ದು? ಅದ ತಗದ್ಬುಟ್ರೆ ನಾನು ಬರೀ ಕೆಟ್ಟೋನಾಯ್ತೀನಿ."

ಹಾಳೆ ಕಿತ್ತುಕೊಂಡು ಹೊರಟೆ. ಕತೆ ವಾರಪತ್ರಿಕೆಯಲ್ಲಿ ಬಂತು. ಯಾರೋ ಪುಣ್ಯಾತ್ಮರು ಅದನ್ನು ಚನ್ನರಾಯಪಟ್ಟಣಕ್ಕೂ ಮುಟ್ಟಿಸಿದರು. ಮರುವರ್ಷ ನಿಮ್ಮ ಮಣ್ಣಿಗೂ ನಿಮ್ಮ ಅಣ್ಣ ಬರಲಿಲ್ಲ. ಅದು ನನ್ನಿಂದ ಆದದ್ದು ರುದ್ರಣ್ಣ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ನೀವು ಹೋದ ಮೇಲೆ ಆ ಕತೆಯನ್ನು ಮತ್ತೆ ಬರೆದೆ. ಮಂಡಕ್ಕಿ, ನಿಮ್ಮ ನಡುಗುವ ಕೈ, ಗೌರಿಯ ಕೆಮ್ಮು, ಕಣ್ಣಿದ್ದೂ ಕಾಣದ ಟೀಚರು, ಎಲ್ಲ ಬಂತು. ಬರೆಯುವಾಗ ನನಗೇ ನಗು, ಹಿಂದೆಯೇ ಅಳು. ಜಗಳ ಮೊದಲಿಗಿಂತ ಹೆಚ್ಚು ಚುಚ್ಚಿತು. ಆದರೆ ಕೆಟ್ಟವರು ಅಂತ ಬೈಯುವುದಕ್ಕೆ ಕತೆಯಲ್ಲಿ ಯಾರೂ ಸಿಗಲಿಲ್ಲ. ಹೆದರುತ್ತಲೇ ಬಸ್ಸು ಹತ್ತಿ ಹೋಗಿ, ನೀವು ಕೂರುತ್ತಿದ್ದ ಅದೇ ಜಗಲಿಯ ಮೇಲೆ ಕೂತು ನಿಮ್ಮ ಅಣ್ಣನಿಗೆ ಓದಿ ಹೇಳಿದೆ. "ಬಾಸಿಂಗ ಅಂದಿದ್ನಲ್ವಾ ನಾನು..." ಅಂತ ನಕ್ಕರು. ಆಮೇಲೆ ಟವೆಲ್ಲು ಮುಖಕ್ಕೆ ಒತ್ತಿಕೊಂಡು ತುಂಬ ಹೊತ್ತು ಅತ್ತರು.

ಹೋದ ವಾರ ಅವರು ಪ್ರೆಸ್ಸಿಗೆ ಬಂದರು, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಈಗ ಪ್ರೆಸ್ಸು ನೋಡಿಕೊಳ್ಳುವುದು ಗೌರಿಯೇ. "ಒಂದೇ ಒಂದ್ ಕಾರ್ಡು ಆಕ್ಕೊಡವ್ವ. ನಿನ್ ಮದ್ವೇದು. ನನ್ನೆಸ್ರು ಸೇರ್ಸಿ." ಅವಳು ನಿಮ್ಮ ಹಳೆಯ ಮೊಳೆಗಳನ್ನು ತೆಗೆದು ತನ್ನ ಲಗ್ನಪತ್ರಿಕೆಯನ್ನು ತಾನೇ ಜೋಡಿಸಿದಳು. ಪ್ರೂಫ್ ನನ್ನ ಕೈಗೆ ಬಂತು. ಅವರು ಎದುರಿಗೇ ಕೂತಿದ್ದರೂ ಮೊದಲು ಹುಡುಕಿದ್ದು ಆ ಹೆಸರನ್ನೇ. ಇತ್ತು, ಎಲ್ಲರಿಗಿಂತ ಮೇಲೆ.

ಕಾರ್ಡನ್ನು ಜೇಬಿಗಿಟ್ಟುಕೊಂಡು ಅವರು ಗೌರಿಯನ್ನು ಕೇಳಿದರು: "ಮದ್ವೆ ದಿನ ಊಟಕ್ ಏನೇನ್ ಮಾಡ್ಸಿದ್ದವ್ವ ನಿಮ್ಮಪ್ಪ?"

ಅವಳು ಒಬ್ಬಟ್ಟಿನಿಂದ ಶುರು ಮಾಡಿದಳು.